ಧೂಮೋತ್ಪತ್ತಿ ಮೀಮಾಂಸೆ ಅಥವಾ ಹಳೆ ಕಾರಿನ ಜಾತಕ ವಿಚಾರ

ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಊಹಿಸುವುದು ನಮ್ಮ ನ್ಯಾಯಶಾಸ್ತ್ರದ ಮೊದಲ ಪಾಠ. ಆ ಕಾಲದ ತಾರ್ಕಿಕರಿಗೆ ಆರ್‌ಟಿಒ ಕಚೇರಿಯ ಸಂಪರ್ಕ ಇರಲಿಲ್ಲವಾದ್ದರಿಂದ, ಹೊಗೆಗೆ ಬೆಂಕಿಯೇ ಕಾರಣವೆಂಬ ಭ್ರಮೆಯಲ್ಲೇ ಅವರು ಉಳಿದುಬಿಟ್ಟರು. ಹಳೆ ಕಾರುಗಳನ್ನು ಗುಜರಿಗೆ ಹಾಕಿಸಿ ಹೊಸದನ್ನು ಕೊಳ್ಳಿಸಲು ನಾನಾ ದೇಶಗಳ ಸರ್ಕಾರಗಳು ಮೂರು ದಶಕಗಳಿಂದ ಹೊರಡಿಸಿರುವ ಆದೇಶಗಳನ್ನು ಎದುರುಬದುರು ಇಟ್ಟು ಓದಿದವರಿಗೆ ಮಾತ್ರ ನಿಜವಾದ ಕಾರಣ ಹೊಳೆದೀತು. ಹೊಗೆ ಹುಟ್ಟುವುದು ಸೈಲೆನ್ಸರಿನಲ್ಲಿ ಅಲ್ಲ, ಆರ್‌ಸಿಯಲ್ಲಿ. ಅದರಲ್ಲೂ ನೋಂದಣಿಯ ದಿನಾಂಕ ಬರೆದ ಸಾಲಿನಲ್ಲಿ. ಈ ಮತಕ್ಕೆ ‘ಜಾತಕ ಧೂಮವಾದ’ ಎಂಬ ಹೆಸರಿಟ್ಟು, ಅದನ್ನು ಸಪ್ರಮಾಣವಾಗಿ ಸ್ಥಾಪಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ.

ಮೊದಲು ಫ್ರಾನ್ಸ್. 1994ರಲ್ಲಿ ಪ್ರಧಾನಿ ಎದುವಾರ್ ಬಲಾದ್ಯೂರ್ ಅವರ ಸರ್ಕಾರ ಹತ್ತು ವರ್ಷ ದಾಟಿದ ಕಾರನ್ನು ಕೊಟ್ಟು ಹೊಸದನ್ನು ಕೊಂಡವರಿಗೆ 5,000 ಫ್ರಾಂಕ್ ಕೊಟ್ಟಿತು. 2009ರಲ್ಲಿ ಜರ್ಮನಿ ಒಂಬತ್ತು ವರ್ಷದ ಕಾರಿಗೆ 2,500 ಯೂರೋ ಕೊಟ್ಟಿತು. ಅದೇ ವರ್ಷ ಬ್ರಿಟನ್ ಹತ್ತು ವರ್ಷದ ಕಾರಿಗೆ 2,000 ಪೌಂಡ್ ಗೊತ್ತುಮಾಡಿ, ಅದರಲ್ಲಿ ಅರ್ಧವನ್ನು ಕಾರು ತಯಾರಕರ ಮೇಲೆ ಹೊರಿಸಿತು. ಇದರಿಂದ ಸಿದ್ಧವಾಗುವುದೇನೆಂದರೆ, ಜರ್ಮನ್ ಕಾರು ಒಂಬತ್ತಕ್ಕೇ ಕೆಡುತ್ತದೆ, ಇಂಗ್ಲಿಷ್ ಕಾರು ಇನ್ನೊಂದು ವರ್ಷ ಶೀಲ ಕಾಪಾಡಿಕೊಳ್ಳುತ್ತದೆ. ನಮ್ಮ ದೆಹಲಿಯಲ್ಲಿ ಡೀಸೆಲ್ ಕಾರಿಗೆ ಹತ್ತು, ಪೆಟ್ರೋಲ್ ಕಾರಿಗೆ ಹದಿನೈದು ಎಂದು ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಆದರೆ ದೆಹಲಿಯಲ್ಲಿ ಆಯಸ್ಸು ತೀರಿದ ಅದೇ ಡೀಸೆಲ್ ಕಾರು ಎನ್‌ಒಸಿ ಹಿಡಿದು ರಾಜಧಾನಿ ವಲಯ ದಾಟಿ ಬೇರೆ ರಾಜ್ಯಕ್ಕೆ ಹೋದರೆ, ಒಂದು ಬೋಲ್ಟನ್ನೂ ಬಿಗಿಸದೆ ಬದುಕಿಕೊಳ್ಳುತ್ತದೆ. ಸಂಕಲ್ಪ ಮಾಡಿಸುವ ಪುರೋಹಿತರು ಮೊದಲು ದೇಶಕಾಲಗಳನ್ನು ಹೇಳುವುದು ಸುಮ್ಮನೆ ಅಲ್ಲ.

ಅಮೆರಿಕ ವಯಸ್ಸನ್ನು ಬಿಟ್ಟು ಮೈಲೇಜನ್ನು ನೋಡಿತಲ್ಲ ಎಂದು ಪೂರ್ವಪಕ್ಷಿ ಇಲ್ಲಿ ತೊಡೆ ತಟ್ಟುತ್ತಾನೆ. ತಟ್ಟಲಿ. 2009ರ ಜುಲೈ ಕೊನೆಗೆ ಶುರುವಾಗಿ ಆಗಸ್ಟ್ 24ಕ್ಕೆ ಮುಗಿದ ‘ಕ್ಯಾಷ್ ಫಾರ್ ಕ್ಲಂಕರ್ಸ್’ ಯೋಜನೆ, ಗ್ಯಾಲನ್ನಿಗೆ 18 ಮೈಲಿ ಇಲ್ಲವೇ ಅದಕ್ಕೂ ಕಡಿಮೆ ಓಡುವ ಗಾಡಿ ಕೊಟ್ಟವರಿಗೆ 3,500 ಅಥವಾ 4,500 ಡಾಲರ್ ಕೊಟ್ಟದ್ದು ನಿಜ. ಆದರೆ ಆ 18 ಮೈಲಿಯನ್ನು ಯಾರೂ ಗಾಡಿ ಓಡಿಸಿ ಅಳೆಯಲಿಲ್ಲ. ಆ ಮಾದರಿಗೆ ಸರ್ಕಾರದ ಪಟ್ಟಿಯಲ್ಲಿ ಬರೆದಿದ್ದ ಅಂಕಿಯೇ ಪ್ರಮಾಣವಾಯಿತು. ಎಸ್‌ಯುವಿ ಕೊಟ್ಟು ಎಸ್‌ಯುವಿ ಕೊಳ್ಳುವವರಿಗೆ ಎರಡೇ ಮೈಲಿಯ ಸುಧಾರಣೆ ಸಾಕಿತ್ತು. ನಮ್ಮ ಲೆಕ್ಕಕ್ಕೆ ತಂದರೆ ಅದು ಲೀಟರಿಗೆ ಒಂದು ಕಿಲೋಮೀಟರೂ ಆಗದು. ಇನ್ನು 25 ವರ್ಷ ತುಂಬಿದ ಗಾಡಿಗಳನ್ನು ಯೋಜನೆ ಮುಟ್ಟಲೇ ಇಲ್ಲ, ಅವು ಎಷ್ಟೇ ಹೊಗೆ ಉಗುಳಲಿ. ಬಲಿಗೆ ಆಯ್ಕೆಯಾದ ಗಾಡಿಗಾದರೋ ಓಡುವ ಸ್ಥಿತಿ ಇರಬೇಕು, ಒಂದು ವರ್ಷದಿಂದ ವಿಮೆ ಇರಬೇಕು. ಕೆಟ್ಟು ನಿಂತದ್ದಕ್ಕೆ ಆ ಭಾಗ್ಯವಿಲ್ಲ. ವಿಧಿಯೂ ಸಾಂಗವಾಗಿತ್ತು. ಎಂಜಿನ್ ಆಯಿಲ್ ಬಸಿದು, ಆ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು, ನಿಮಿಷಕ್ಕೆ 2,000 ಸುತ್ತಿನ ವೇಗದಲ್ಲಿ ಓಡಿಸಬೇಕು. ಕಾವಿಗೆ ನೀರು ಆವಿಯಾಗಿ, ಗಾಜಿನಂಥ ಪದಾರ್ಥ ಬೇರಿಂಗುಗಳಿಗೆ ಕಚ್ಚಿಕೊಂಡು ಎಂಜಿನ್ ಜಾಮ್ ಆಗುತ್ತದೆ. ಹೀಗೆ 6.77 ಲಕ್ಷ ಗಾಡಿಗಳು ಸದ್ಗತಿ ಪಡೆದವು. ವೆಚ್ಚಕ್ಕೆಂದು ಮೊದಲು ತೆಗೆದಿಟ್ಟ 100 ಕೋಟಿ ಡಾಲರ್ ವಾರದೊಳಗೆ ಕರಗಿ, ಇನ್ನೂ 200 ಕೋಟಿ ಬೇಕಾಯಿತು.

ಈ ಯೋಜನೆಗಳಲ್ಲಿ ಒಂದು ಅಂಶವನ್ನು ವಿದ್ವಾಂಸರು ಬೇಕೆಂದೇ ಕಡೆಗಣಿಸಿದ್ದಾರೆ. ಹಳೆ ಕಾರನ್ನು ಗುಜರಿಗೆ ಕೊಟ್ಟು ಬಸ್ ಹತ್ತಿದವನಿಗೆ, ಸೈಕಲ್ ತುಳಿದವನಿಗೆ, ಅಮೆರಿಕದಲ್ಲಾಗಲಿ ಜರ್ಮನಿಯಲ್ಲಾಗಲಿ ಬಿಡಿಗಾಸು ಹುಟ್ಟಲಿಲ್ಲ. ಗಾಳಿ ಶುದ್ಧವಾಗುವುದೇ ಗುರಿಯಾಗಿದ್ದರೆ ಎಲ್ಲರಿಗಿಂತ ಮೊದಲು ಅವನನ್ನು ಕರೆದು ಶಾಲು ಹೊದಿಸಬೇಕಿತ್ತು. ಹೊದಿಸಲಿಲ್ಲ. ಹಾಗಾದರೆ ಹಳೆಯದರ ನಾಶದಿಂದ ಹೊಗೆ ಅಡಗುವುದಿಲ್ಲ, ಶೋರೂಮಿನಲ್ಲಿ ಹೊಸ ಬಿಲ್ ಮುದ್ರಣವಾದ ಗಳಿಗೆಯಲ್ಲೇ ಅಡಗುತ್ತದೆ ಎಂದೇ ತಿಳಿಯಬೇಕು. 2021ರ ಆಗಸ್ಟ್ 13ರಂದು ಪ್ರಧಾನಿ ಉದ್ಘಾಟಿಸಿದ ನಮ್ಮ ಗುಜರಿ ನೀತಿಯೂ ಇದೇ ಮಾರ್ಗದ್ದು. ಹೊಸ ಕಾರಿನ ಶೋರೂಮ್ ಬೆಲೆಯ ಶೇ 4ರಿಂದ 6ರಷ್ಟು ಗುಜರಿ ಬೆಲೆ ಎಂದು ಅದು ಅಂದಾಜಿಸಿತು. ಖಾಸಗಿ ಕಾರಿಗೆ ಶೇ 25ರವರೆಗಿನ ತೆರಿಗೆ ರಿಯಾಯಿತಿ ಮಾತ್ರ ಹೊಸದನ್ನು ಕೊಂಡಾಗ. ಬಸ್ ಹತ್ತುವವನು ಬೇಕಿದ್ದರೆ, ಕಾರನ್ನು ಗುಜರಿಗೆ ಕೊಟ್ಟದ್ದಕ್ಕೆ ಸಿಕ್ಕ ಠೇವಣಿ ಪ್ರಮಾಣಪತ್ರವನ್ನು ಕಾರು ಕೊಳ್ಳುವ ಇನ್ನೊಬ್ಬನಿಗೆ ಮಾರಿಕೊಳ್ಳಬಹುದು. ಪುಣ್ಯವನ್ನು ಧಾರೆಯೆರೆಯುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆಯಷ್ಟೆ.

ಇನ್ನು ಆಕ್ಷೇಪಗಳು. ಹೊಗೆಯನ್ನು ಅಳೆಯಲು ಎಮಿಷನ್ ಟೆಸ್ಟ್ ಇದೆ. ವಾರಕ್ಕೊಮ್ಮೆ ದೇವಸ್ಥಾನಕ್ಕೆ ಹೋಗಿಬರುವ ಇಪ್ಪತ್ತು ವರ್ಷದ ಕಾರಿಗಿಂತ ಹಗಲಿರುಳು ಓಡುವ ಮೂರು ವರ್ಷದ ಟ್ಯಾಕ್ಸಿ ಹೆಚ್ಚು ಹೊಗೆ ಬಿಟ್ಟೀತು ಎಂದು ಕೆಲವರು ವಾದಿಸುತ್ತಾರೆ. ಇದು ಪ್ರತ್ಯಕ್ಷವನ್ನೇ ನೆಚ್ಚಿಕೊಂಡ ಚಾರ್ವಾಕರ ಮಾತು. ಓಡಿದ ಕಿಲೋಮೀಟರನ್ನು ಹಿಂದಕ್ಕೆ ತಿರುಗಿಸುವ ಕೈಚಳಕದವರು ಊರೂರಲ್ಲೂ ಇದ್ದಾರೆ, ಜನ್ಮದಿನಾಂಕವನ್ನು ತಿರುಗಿಸುವವರು ವಿರಳ. ಆದ್ದರಿಂದ ದಿನಾಂಕವೇ ನಂಬಲರ್ಹ. ಭಾರತದ ನೀತಿ ಗುಜರಿಗೆ ಕಳಿಸುವುದು ಎಫ್‌ಸಿ ಪರೀಕ್ಷೆಯಲ್ಲಿ ಫೇಲಾದ ಕಾರನ್ನು ತಾನೇ ಎಂದರೆ, ಆ ಪರೀಕ್ಷೆಗೆ ಖಾಸಗಿ ಕಾರನ್ನು ಕರೆಯುವುದೇ ಅದರ ವಯಸ್ಸು ನೋಡಿ. ಹೊಸ ಕಾರಿನ ಉಕ್ಕು, ಅಲ್ಯೂಮಿನಿಯಂ ತಯಾರಾಗುವಾಗ ಏಳುವ ಹೊಗೆಯ ಮಾತೇನು? ಅದು ನೋಂದಣಿಗೆ ಹಿಂದಿನದು, ಪೂರ್ವಜನ್ಮದ ಕರ್ಮ. ಆರ್‌ಟಿಒ ವ್ಯಾಪ್ತಿಗೆ ಬರುವುದಿಲ್ಲ. ಇದ್ದುದರಲ್ಲಿ ತೂಕದ ಆಕ್ಷೇಪ ಒಂದಿದೆ. ಬಿಎಸ್-4 ಡೀಸೆಲ್ ಕಾರು ಕಿಲೋಮೀಟರಿಗೆ 250 ಮಿಲಿಗ್ರಾಂ ಸಾರಜನಕದ ಆಕ್ಸೈಡ್ ಬಿಡಬಹುದಿತ್ತು, ಬಿಎಸ್-6ಕ್ಕೆ ಮಿತಿ 80; ಆದ್ದರಿಂದ ಹೊಸದು ನಿಜಕ್ಕೂ ಶುದ್ಧ, ಸಹಾಯಧನವನ್ನು ಆ ವ್ಯತ್ಯಾಸಕ್ಕೆ ಸರಿಯಾಗಿ ಅಳೆದು ಕೊಡಿ ಎನ್ನುತ್ತಾರೆ. ಹಾಗೆ ಕೊಟ್ಟರೆ ಹೊಗೆಯೇನೋ ಕಡಿಮೆಯಾದೀತು, ಶಾಸ್ತ್ರ ಕೆಡುತ್ತದೆ. ಮೇಲಾಗಿ, ಜರ್ಮನಿ ಹಳೆಯದನ್ನು ಗುಜರಿಗೆ ಹಾಕಿಸುತ್ತಿದ್ದ ಕಾಲದಿಂದಲೂ ಫೋಕ್ಸ್‌ವ್ಯಾಗನ್ ಮಾರುತ್ತಿದ್ದ ಹೊಚ್ಚ ಹೊಸ ಡೀಸೆಲ್ ಕಾರುಗಳಲ್ಲಿ ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆ ತಗ್ಗಿಸುವ ತಂತ್ರಾಂಶವಿತ್ತೆಂಬುದು 2015ರಲ್ಲಿ ಬಯಲಾಯಿತು. ಜಗತ್ತಿನಾದ್ಯಂತ 1.1 ಕೋಟಿ ಕಾರುಗಳು. ಅವು ಕಾಗದದ ಮೇಲೆ ನಿರ್ಮಲವಾಗಿದ್ದವು. ಹೊಗೆ ಕಾಗದದ ಧರ್ಮವೆಂಬ ನಮ್ಮ ಮತಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಅರ್ಥಶಾಸ್ತ್ರಿಗಳು ಬೇರೆ ದಾರಿಯಿಂದ ಬರುತ್ತಾರೆ. ಅಮೆರಿಕದ ಯೋಜನೆಯಿಂದ ಹೆಚ್ಚುವರಿಯಾಗಿ ಮಾರಾಟವಾದ ಸುಮಾರು 3.7 ಲಕ್ಷ ಕಾರುಗಳ ಲಾಭ, ಮುಂದಿನ ತಿಂಗಳುಗಳಲ್ಲಿ ಮಾರಾಟ ಕುಸಿದು ಹೆಚ್ಚೂಕಡಿಮೆ ಪೂರ್ತಿ ಅಳಿಸಿಹೋಯಿತೆಂದು ಆತಿಫ್ ಮಿಯಾನ್ ಮತ್ತು ಅಮೀರ್ ಸೂಫಿ ತೋರಿಸಿದ್ದಾರೆ. ನಾಳೆ ಕೊಳ್ಳಬೇಕೆಂದಿದ್ದವರು ಇಂದೇ ಕೊಂಡರು, ಅಷ್ಟೆ. ಇದನ್ನು ಸೋಲೆನ್ನುವುದು ಸಣ್ಣ ಬುದ್ಧಿ. 300 ಕೋಟಿ ಡಾಲರಿನಲ್ಲಿ ಒಂದು ಸರ್ಕಾರ ಭವಿಷ್ಯವನ್ನು ಏಳೆಂಟು ತಿಂಗಳು ಹಿಂದಕ್ಕೆ ಎಳೆದು ತಂದಿತು. ಋಷಿಗಳೂ ಇಷ್ಟು ಅಗ್ಗವಾಗಿ ಕಾಲವನ್ನು ಗೆದ್ದದ್ದಿಲ್ಲ.

ಕೊನೆಯ ಪ್ರಮಾಣ ಸ್ವದೇಶದ್ದು. ಗುಜರಿ ನೀತಿಗೆ ಒಂದು ತಿಂಗಳು ಮುಂಚೆ, 2021ರ ಜುಲೈನಲ್ಲಿ, ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ಪ್ರಕಟಿಸಿತು. ಮೂಲರೂಪ ಕೆಡದೆ 50 ವರ್ಷ ದಾಟಿದ ಕಾರು 20,000 ರೂಪಾಯಿ ಶುಲ್ಕಕ್ಕೆ ವಿಶೇಷ ನಂಬರ್ ಪ್ಲೇಟ್ ಪಡೆದು ಪ್ರದರ್ಶನಕ್ಕೆ, ರ‍್ಯಾಲಿಗೆ ಹೋಗಬಹುದು. ಹದಿನೈದಕ್ಕೆ ಹತ್ತುವ ಹೊಗೆಯ ದೋಷ ಐವತ್ತಕ್ಕೆ ತಾನಾಗಿ ಕಳೆದು ಪರಂಪರೆಯಾಗುತ್ತದೆಂದಾಯಿತು. 2021ರಲ್ಲಿ ಲೆಕ್ಕ ಸಿಕ್ಕ ರಾಜ್ಯಗಳ ಪೈಕಿ, 15 ವರ್ಷ ದಾಟಿದ ವಾಹನಗಳಲ್ಲಿ ಕರ್ನಾಟಕವೇ ಮೊದಲು, ಸುಮಾರು 70 ಲಕ್ಷ. ಅವುಗಳ ಒಡೆಯರಲ್ಲಿ ನಮ್ಮ ವಿನಂತಿ ಇಷ್ಟೇ: ಗುಜರಿಯವನಿಗೆ ಅವಸರಪಟ್ಟು ಫೋನ್ ಮಾಡಬೇಡಿ, ಶೆಡ್ಡಿನಲ್ಲಿಟ್ಟು ಟಾರ್ಪಾಲು ಹೊದಿಸಿ, ಇನ್ನು ಮೂವತ್ತೈದು ವರ್ಷ ಹೇಗಾದರೂ ತಡೆದುಕೊಳ್ಳಿ.