ಹೃದ್ರೋಗರಾಶಿ ನಿರ್ಣಯ

ವಿಷಯ

ಆಕಾಶ ಯಾರದ್ದೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅಲ್ಲಿರುವ ವಸ್ತುಗಳ ಹೆಸರುಗಳು ಮಾತ್ರ ನಮ್ಮವೇ ಎಂಬುದು ಈ ಪ್ರಬಂಧ ಬರೆಯಲು ಕೂರುವ ಮೊದಲೇ ಸಿದ್ಧವಾಗಿತ್ತು. ಪ್ರಮಾಣಗಳನ್ನು ಆಮೇಲೆ ಹುಡುಕಲಾಯಿತು. ತೀರ್ಮಾನ ಮುಂದೆ, ಪ್ರಮಾಣ ಹಿಂದೆ ಎಂಬುದೇ ಸದರಿ ಶಾಸ್ತ್ರದ ಪರಂಪರೆ.

ಮೊದಲು ‘ಗ್ರಹ’. ಇದರ ಧಾತುವಿಗೆ ಹಿಡಿಯುವುದು ಎಂದರ್ಥ. ಗ್ರೀಕರು ಅದೇ ಕಾಯಗಳನ್ನು ‘ಪ್ಲಾನೆಟೆಸ್’, ಅಂದರೆ ಅಲೆಮಾರಿಗಳು ಎಂದರು. ಈ ಭೇದಕ್ಕೆ ಕಾರಣ ಸ್ಪಷ್ಟ: ಸಾಲವಿಲ್ಲದವನ ಕಣ್ಣಿಗೆ ವಸೂಲಿಗಾರ ಬೀದಿಯಲ್ಲಿ ಸುಮ್ಮನೆ ಅಡ್ಡಾಡುತ್ತಿರುತ್ತಾನೆ, ಸಾಲ ಮಾಡಿದವನಿಗೆ ಹಿಡಿಯಲೆಂದೇ ಬರುತ್ತಿರುತ್ತಾನೆ. ಗ್ರಹಗಳ ನಡೆ ಎಂದಷ್ಟೇ ಅರ್ಥವಿದ್ದ ‘ಗ್ರಹಚಾರ’ ಕನ್ನಡಿಗರ ಬಾಯಲ್ಲಿ ಕೆಟ್ಟ ಕಾಲವಾದದ್ದು ಹೀಗೆ.

ಇನ್ನು ‘ಶನೈಶ್ಚರ’. ಮೆಲ್ಲಗೆ ನಡೆಯುವವನು ಎಂಬುದು ಅಕ್ಷರಾರ್ಥ. ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 29½ ವರ್ಷ ತೆಗೆದುಕೊಳ್ಳುವವನಿಗೆ ತಕ್ಕ ಹೆಸರೇ. ಜನರ ನಾಲಗೆಯಲ್ಲಿ ಅದು ‘ಶನೀಶ್ವರ’ ಆಯಿತು. ಎಷ್ಟು ನಿಧಾನಿಸಿದರೂ ಸೇವಾಜ್ಯೇಷ್ಠತೆಯ ಮೇಲೆ ಈಶ್ವರ ಪದವಿಗೆ ಬಡ್ತಿ ಸಿಗುತ್ತದೆ ಎಂಬ ನಿಯಮಕ್ಕೆ ಇದೇ ಮೊದಲ ದಾಖಲೆ. ಸರ್ಕಾರಿ ಕಚೇರಿಗಳು ಇದನ್ನು ತಪ್ಪದೆ ಪಾಲಿಸುತ್ತಿವೆ.

ಪೂರ್ವಪಕ್ಷ

ಇಲ್ಲಿ ಕೆಲವರು ಆಕ್ಷೇಪಿಸುತ್ತಾರೆ. 6ನೆಯ ಶತಮಾನದ ವರಾಹಮಿಹಿರನ ‘ಬೃಹಜ್ಜಾತಕ’ದಲ್ಲಿ ಮೇಷಕ್ಕೆ ‘ಕ್ರಿಯ’, ವೃಷಭಕ್ಕೆ ‘ತಾವುರಿ’, ಸಿಂಹಕ್ಕೆ ‘ಲೇಯ’ ಎಂಬ ಹೆಸರುಗಳಿವೆ. ಇವು ಗ್ರೀಕಿನ ಕ್ರಿಯೋಸ್, ಟೌರೋಸ್, ಲಿಯೋನ್ ಎಂಬುವುಗಳ ರೂಪಾಂತರ ಎನ್ನುತ್ತಾರೆ. ಕುಂಭಕ್ಕೆ ಗ್ರೀಕರಿಟ್ಟ, ನೀರು ಸುರಿಯುವವನು ಎಂಬರ್ಥದ ‘ಹೈಡ್ರೋಕೋಸ್’ ನಮ್ಮಲ್ಲಿಗೆ ಬಂದು ‘ಹೃದ್ರೋಗ’ವಾಯಿತಂತೆ. ಅಲ್ಲಿ ಕೊಡ ಹೊತ್ತು ಹೊರಟವನು ಇಲ್ಲಿ ಎದೆ ಹಿಡಿದುಕೊಂಡು ಇಳಿದ. ಮೀನಕ್ಕೆ ಬಂದ ಹೆಸರು ‘ಇತ್ಥಂ’. ಅದು ಗ್ರೀಕ್ ಮೀನು ‘ಇಖ್ತಿಸ್’ ಎನ್ನುತ್ತಾರೆ. ಸಂಸ್ಕೃತ ಬಲ್ಲವರ ಕಿವಿಗೆ ಅದು ‘ಹೀಗೆ’ ಎಂದಷ್ಟೇ ಕೇಳಿಸುತ್ತದೆ. ಹನ್ನೊಂದು ರಾಶಿ ಹೇಳಿ ದಣಿದ ಆಚಾರ್ಯರು ಹನ್ನೆರಡನೆಯದಕ್ಕೆ ‘ಇಷ್ಟೇ ಕಣ್ರೀ’ ಎಂದು ಎದ್ದಿರಬೇಕೆಂದು ನಮ್ಮ ಅಭಿಪ್ರಾಯ.

‘ಕೇಂದ್ರ’ವೂ ಗ್ರೀಕಿನ ‘ಕೆಂಟ್ರೋನ್’ನಿಂದ ಬಂದದ್ದು, ಅದಕ್ಕೆ ತಿವಿಯುವ ಮೊನೆ ಎಂಬ ಅರ್ಥವಿದೆ ಎನ್ನುತ್ತಾರೆ. ಇದನ್ನು ಮಾತ್ರ ಒಪ್ಪಬಹುದು. ಕೇಂದ್ರ ಏಕೆ ತಿವಿಯುತ್ತದೆ ಎಂದು ಯಾವ ರಾಜ್ಯವೂ ಇನ್ನು ದೂರುವಂತಿಲ್ಲ, ಅದು ಧಾತ್ವರ್ಥ.

ಯವನರು (ಗ್ರೀಕರು) ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ನೆಲೆಗೊಂಡಿರುವುದರಿಂದ ಋಷಿಗಳಂತೆ ಪೂಜ್ಯರು ಎಂದು ‘ಬೃಹತ್ಸಂಹಿತೆ’ಯಲ್ಲಿ ಸ್ವತಃ ವರಾಹಮಿಹಿರನೇ ಹೇಳಿದ್ದಾನೆ. ಸಿದ್ಧಾಂತಕ್ಕೆ ತೊಡಕಾಗುವುದರಿಂದ ಆ ಪುಟವನ್ನು ನಾವು ಓದಿಲ್ಲ.

ಸಿದ್ಧಾಂತ

‘ಹೋರಾ’ ಗ್ರೀಕಿನದಲ್ಲ, ‘ಅಹೋರಾತ್ರ’ದ ತಲೆಯ ‘ಅ’, ಬಾಲದ ‘ತ್ರ’ ಕತ್ತರಿಸಿದರೆ ಉಳಿಯುವುದೇ ಹೋರಾ ಎಂಬ ಮತವನ್ನೂ ಬೃಹಜ್ಜಾತಕವೇ ದಾಖಲಿಸಿದೆ. ಸಿಕ್ಕಿತು ಆಯುಧ! ಇದಕ್ಕೆ ‘ತಲೆಬಾಲಕರ್ತರೀ ನ್ಯಾಯ’ ಎಂದು ನಾಮಕರಣ ಮಾಡಿದ್ದೇವೆ. ಗೆಲಿಲಿಯೋಗೆ ಇದನ್ನು ಹಚ್ಚಿದಾಗ ‘ಲಿಲಿ’ ಉಳಿಯಿತು. ಅವರು ಹೂವಿನ ವ್ಯಾಪಾರಿಗಳ ಮನೆತನದವರು.

ಕತ್ತರಿ ಆಡದ ಕಡೆ ಕಿವಿಯೇ ಪ್ರಮಾಣ. ಹಿಪಾರ್ಕಸ್ ಹಿಪ್ಪರಗಿಯವರು. ದೇವರ ಹಿಪ್ಪರಗಿಯೋ ಕೃಷ್ಣೆಯ ಬ್ಯಾರೇಜಿನ ಹಿಪ್ಪರಗಿಯೋ ಎಂಬಲ್ಲಷ್ಟೇ ಮತಭೇದ. ಕೊಪರ್ನಿಕಸ್ ಕೊಪ್ಪದವರು, ಮಲೆನಾಡಿನ ಮಳೆಗಾಲದಲ್ಲಿ ಸೂರ್ಯ ತಿಂಗಳುಗಟ್ಟಲೆ ಕಾಣದ್ದರಿಂದಲೇ ಅವನು ಚಲಿಸುವುದಿಲ್ಲ ಎಂದು ಅವರಿಗೆ ಹೊಳೆಯಿತು. 1543ರಲ್ಲಿ ಗ್ರಂಥ ಅಚ್ಚಾಗಿ ಬಂದಾಗ ಊರಿನ ಹೆಸರು ಹಾಕದೆ ವಂಚಿಸಲಾಗಿದೆ.

ಕೊನೆಯ ಪ್ರಮಾಣ ‘ಜ್ಯಾ’, ಅಂದರೆ ಬಿಲ್ಲಿನ ಹೆದೆ. 499ರ ಸುಮಾರಿಗೆ ಆರ್ಯಭಟ ಇದರ 24 ಬೆಲೆಗಳ ಕೋಷ್ಟಕವನ್ನೇ ಕೊಟ್ಟ. ಅದರ ಇನ್ನೊಂದು ಹೆಸರಾದ ‘ಜೀವಾ’ ಅರಬ್ಬರಲ್ಲಿ ‘ಜೀಬ’ ಆಯಿತು. ಅವರ ಬರವಣಿಗೆಯಲ್ಲಿ ಸ್ವರ ಕಾಣದ್ದರಿಂದ ಓದುವವರು ಅದನ್ನು ‘ಜೈಬ್’ ಎಂದರು. ಅಂದರೆ ಎದೆಯ ಬಳಿಯ ಉಡುಪಿನ ಮಡಿಕೆ. 12ನೆಯ ಶತಮಾನದಲ್ಲಿ ಲ್ಯಾಟಿನ್ ಅನುವಾದಕರು ಅದನ್ನು ‘ಸೈನಸ್’ ಮಾಡಿದರು. ನಮ್ಮ ಹೈಸ್ಕೂಲು ಮಕ್ಕಳು ‘ಸೈನ್’ ಎಂದು ಉರುಹೊಡೆಯುತ್ತಿದ್ದಾರೆ. ಅದೇ ಜೈಬ್ ಪಾರ್ಸಿಯ ದಾರಿ ಹಿಡಿದು ಕನ್ನಡಕ್ಕೆ ‘ಜೇಬು’ ಆಗಿ ಬಂತು. ಈ ಕಥೆಯಲ್ಲಿ ನಾವು ಕಲ್ಪಿಸಿ ಸೇರಿಸಿದ್ದು ಏನೂ ಇಲ್ಲ. ಆದ್ದರಿಂದಲೇ ಇದು ಯಾರಿಗೂ ರುಚಿಸದು.

ಫಲಶ್ರುತಿ

ಇದನ್ನು ಶ್ರದ್ಧೆಯಿಂದ ಓದಿದವರು ಹೃದ್ರೋಗರಾಶಿಯಲ್ಲಿ ಹುಟ್ಟಿದ್ದರೂ ಎದೆನೋವಿಲ್ಲದೆ ಬಾಳುವರು. ನಂಬಿ ಇತರರಿಗೆ ಕಳಿಸಿದವರು ಮುಂದಿನ ಜನ್ಮದಲ್ಲಿ ನಿಘಂಟುಕಾರರಾಗಿ ಹುಟ್ಟಿ ಕರ್ಮ ಸವೆಸುವರು. ಅಭಿಮಾನಿ ಓದುಗರಲ್ಲಿ ಒಂದು ವಿನಂತಿ: ಕೆಪ್ಲರ್ ಇನ್ನೂ ಯಾವ ತಾಲ್ಲೂಕಿಗೂ ಹಂಚಿಕೆಯಾಗಿಲ್ಲ. ನಿಮ್ಮ ಊರಿನ ಹೆಸರು ಒಂದೆರಡು ಅಕ್ಷರ ಹೊಂದಿದರೂ ಸಾಕು, ಕೂಡಲೇ ಅರ್ಜಿ ಹಾಕಿ.