ಕಿರುಬೆರಳ ತುದಿ: 39,043 ರೂಪಾಯಿ 80 ಪೈಸೆ

ಹೆಬ್ಬೆರಳು ಶೇ 30. ತೋರುಬೆರಳು ಶೇ 14. ನಡುಬೆರಳು ಶೇ 12. ಉಂಗುರದ ಬೆರಳು, ಕಿರುಬೆರಳು ತಲಾ ಶೇ 7. ಮೂಳೆ ಉಳಿದು ಕಿರುಬೆರಳ ತುದಿ ಮಾತ್ರ ಹಾರಿದರೆ ಶೇ 2. ಬ್ಯಾಂಕಿನ ಠೇವಣಿ ದರವೆಂದು ಸಾಲಿನಲ್ಲಿ ನಿಲ್ಲಬೇಡಿ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಿದು. ಯಾವ ಬೆರಳು ಹೋದರೆ ದುಡಿಯುವ ಶಕ್ತಿ ಎಷ್ಟು ಹೋಯಿತೆಂದು ಸರ್ಕಾರ ತೂಗಿ ಇಟ್ಟಿರುವ ಲೆಕ್ಕ. ಏಕಲವ್ಯ ಶೇ 30 ಕಳೆದುಕೊಂಡ. ದ್ರೋಣರು ವರದಿ ಸಲ್ಲಿಸಿದ ದಾಖಲೆ ಮಾತ್ರ ಎಲ್ಲೂ ಸಿಕ್ಕಿಲ್ಲ.

ಲೆಕ್ಕ ಮುಂದುವರಿಸೋಣ. 2020ರ ದರದಲ್ಲಿ, ಕೂಲಿ ಎಷ್ಟೇ ಇರಲಿ, ಪರಿಹಾರಕ್ಕೆ ತಿಂಗಳಿಗೆ 15,000 ರೂಪಾಯಿಯ ಮೇಲೆ ಹಿಡಿಯುವಂತಿಲ್ಲ. ಅದರ ಶೇ 60 ಅಂದರೆ 9,000. ವಯಸ್ಸು 25 ಆಗಿದ್ದರೆ ಅದನ್ನು 216.91ರಿಂದ ಗುಣಿಸಬೇಕು. ಬಂದ ಮೊತ್ತದಲ್ಲಿ ಶೇ 2 ಎಂದರೆ 39,043 ರೂಪಾಯಿ 80 ಪೈಸೆ. ಬೆರಳ ತುದಿ ಪ್ರೆಸ್ಸಿನ ಕೆಳಗೆ ಉಳಿದರೂ ಪೈಸೆ ಮಾತ್ರ ಕಳೆದುಹೋಗುವುದಿಲ್ಲ.

ಸಾವು ಅಥವಾ ಗಂಭೀರ ಗಾಯವಾದರೆ ಮಾಲೀಕ 7 ದಿನದೊಳಗೆ ಸಕ್ಷಮ ಅಧಿಕಾರಿಗೆ ವರದಿ ಕಳಿಸಬೇಕು. ಗಂಭೀರ ಎಂದರೆ ಅಂಗ ಕಾಯಮ್ಮಾಗಿ ಊನವಾಗುವುದು, ಕಣ್ಣು ಕಿವಿ ಹೋಗುವುದು, ಕೈಕಾಲು ಮುರಿಯುವುದು, ಇಲ್ಲವೇ 20 ದಿನಕ್ಕಿಂತ ಹೆಚ್ಚು ಕೆಲಸಕ್ಕೆ ಬಾರದಂತಾಗುವುದು. ವರದಿ ಕಳಿಸದಿದ್ದರೆ ದಂಡ 2017ರವರೆಗೆ ಹೆಚ್ಚೆಂದರೆ 5,000 ರೂಪಾಯಿ. ಆಮೇಲೆ, 2025ರ ನವೆಂಬರ್‌ವರೆಗೆ, ಕನಿಷ್ಠ 50,000, ಗರಿಷ್ಠ ಒಂದು ಲಕ್ಷ. ಅಂದರೆ ಕಿರುಬೆರಳ ತುದಿಗಿಂತ ಕಾಗದ ದುಬಾರಿಯಾಯಿತು. ಆ ದಂಡ ಸೇರುವುದು ಸರ್ಕಾರದ ಖಜಾನೆಗೆ. ಖಜಾನೆಗೆ ಬೆರಳಿಲ್ಲದಿದ್ದರೂ ನೋವಾಗುತ್ತದೆ, ಪಾಪ.

ಈಗ ಕೊಯಮತ್ತೂರಿಗೆ, ತಿರುಪ್ಪೂರಿಗೆ ಬನ್ನಿ. ಒಂದು ಕಡೆ ಪಂಪ್‌ಸೆಟ್ಟು, ಗ್ರೈಂಡರು, ಫೌಂಡ್ರಿ. ಇನ್ನೊಂದು ಕಡೆ ಬನಿಯನ್ ಕಂಪನಿ. ಇಲ್ಲಿ ಗಡುವು ಎಂದರೆ ಗಡುವು. ತೂತ್ತುಕುಡಿಯಲ್ಲಿ ಹಡಗು ಹೊರಡುವ ಹೊತ್ತಿಗೆ ಟೀ ಶರ್ಟಿನ ಪೆಟ್ಟಿಗೆ ಬಂದರಿನಲ್ಲಿರಲೇಬೇಕು. ಅದಕ್ಕಾಗಿ ರಾತ್ರಿ ಪಾಳಿ, ಓವರ್‌ಟೈಮು, ನಿದ್ದೆಗಣ್ಣಿನಲ್ಲಿ ಕಟಿಂಗ್ ಮೆಷಿನ್ನು. ಇಷ್ಟು ಗಡಿಯಾರ ನೋಡುವ ಊರಿನಲ್ಲಿ ಆ ಏಳು ದಿನ ಹೇಗೆ ಕಳೆಯುತ್ತವೆ?

ಮೊದಲ ದಿನ ಮೇಸ್ತ್ರಿ ಬನಿಯನ್ ವೇಸ್ಟಿನಿಂದ ಬೆರಳು ಸುತ್ತುತ್ತಾನೆ. ಎರಡನೇ ದಿನ ಖಾಸಗಿ ದವಾಖಾನೆ, ಕೈಯಲ್ಲಿ ನಗದು, ಕಿವಿಯಲ್ಲಿ ಉಪದೇಶ: ‘ಕೇಳಿದರೆ ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನು.’ ಈ ಸೀಮೆಯ ಬಚ್ಚಲುಗಳಷ್ಟು ಹರಿತವಾದವು ಬೇರೆಲ್ಲೂ ಇರಲಾರವು. ಮೂರನೇ ದಿನ ಹಾಜರಿ ಪುಸ್ತಕದಲ್ಲಿ ಆತನಿಗೆ ಹಿಂದಿನ ವಾರದಿಂದಲೇ ರಜೆ. ನಾಲ್ಕನೇ ದಿನ ಅವನ ಹೆಸರು ಇ.ಎಸ್.ಐ. ವಿಮಾ ಯೋಜನೆಗೆ ಸೇರುತ್ತದೆ. ಆ ಯೋಜನೆ ತಮಿಳುನಾಡಿಗೆ ಮೊದಲು ಕಾಲಿಟ್ಟದ್ದು 1955ರಲ್ಲಿ, ಇದೇ ಕೊಯಮತ್ತೂರಿನಲ್ಲಿ. ಇಲ್ಲಿನ ಕೆಲವು ಹೆಸರುಗಳು ಅದಕ್ಕೆ ಸೇರಲು ಬೆರಳು ಹೋಗುವವರೆಗೆ ಕಾಯುತ್ತವೆ. ಐದನೇ ದಿನ ‘ಅವನು ನಮ್ಮವನಲ್ಲ, ಕಾಂಟ್ರಾಕ್ಟರ್ ಕಡೆಯವನು’. ಗುತ್ತಿಗೆಯವನಾದರೂ ಹೊಣೆ ಮೂಲ ಮಾಲೀಕನದೇ ಎಂದು ಕಾನೂನು 1923ರಿಂದಲೂ ಹೇಳುತ್ತಿದೆ. ಯಂತ್ರದ ಸದ್ದಿನಲ್ಲಿ ಕೇಳಿಸುವುದಿಲ್ಲ. ಆರನೇ ದಿನ ಭಾನುವಾರ. ಏಳನೇ ದಿನ ಧನಬಾದ್ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ಟು. ಗಾಯಾಳು ಜಾರ್ಖಂಡ್ ಮುಟ್ಟಿದ ಮೇಲೆ ತಿರುಪ್ಪೂರಿನಲ್ಲಿ ಅಪಘಾತವೇ ಇಲ್ಲ. ಆಗದ ಅಪಘಾತದ ವರದಿ ತಡವಾಯಿತು ಎಂದು ಯಾರಿಗೆ ದಂಡ ಹಾಕುತ್ತೀರಿ?

ನ್ಯಾಯವಾಗಿ ಹೇಳಬೇಕು, ಕಾನೂನು ಕಾರ್ಮಿಕನನ್ನು ಮರೆತಿಲ್ಲ. ಕೆಲಸಕ್ಕೆ ಸೇರಿಸಿಕೊಂಡ ಕೂಡಲೇ ಪರಿಹಾರದ ಹಕ್ಕನ್ನು ಅವನಿಗೆ ಬರಹದಲ್ಲಿ ತಿಳಿಸಬೇಕೆಂದು 2017ರಲ್ಲಿ ಸೇರಿಸಿದರು. ಯಾವ ಭಾಷೆಯಲ್ಲಿ? ಇಂಗ್ಲಿಷ್, ಹಿಂದಿ, ಅಥವಾ ಆ ಊರಿನ ಆಡಳಿತ ಭಾಷೆ. ಈ ಮೂರರಲ್ಲಿ ಅವನಿಗೆ ಅರ್ಥವಾಗುವುದು. ಒಡಿಯಾ ಮಾತ್ರ ಬಲ್ಲವನು ಕೈಯನ್ನು ಒಡಿಯಾದಲ್ಲೇ ಕೊಟ್ಟರೂ ಹಕ್ಕನ್ನು ತಮಿಳಿನಲ್ಲಿ ಓದಿಕೊಳ್ಳಬೇಕು. ಕನ್ನಡದವನ ಗತಿಯೂ ಅದೇ. ಅವನೆಲ್ಲಿಂದ ಬಂದ ಎನ್ನಬೇಡಿ. ನಮ್ಮ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಗಡಿ ಬದಲಾಯಿತು, ಅಲ್ಲಿನ ಹನೂರು ಕಡೆಯಿಂದ ಕೂಲಿಗೆ ಹೋಗುವ ದಾರಿ ಬದಲಾಗಲಿಲ್ಲ.

ಇನ್ನು ಹೊಸ ಕಾಲ. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆ ಹೋಗಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಇನ್‌ಸ್ಪೆಕ್ಟರ್ ಈಗ ಬರೀ ಇನ್‌ಸ್ಪೆಕ್ಟರ್ ಅಲ್ಲ, ‘ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್’. ಅಂದರೆ ತಪಾಸಣೆಯ ಜತೆಗೆ ಅನುಕೂಲವನ್ನೂ ಮಾಡಿಕೊಡುವವರು. ಈ ಎರಡನೇ ಕೆಲಸ ಹೊಸತೆಂದು ಮಾಲೀಕರು ಯಾರೂ ಬೆಚ್ಚಿದ ಹಾಗಿಲ್ಲ. ಮೊಕದ್ದಮೆ ಹೂಡುವ ಮುಂಚೆ ಮಾಲೀಕನಿಗೆ ಸರಿಪಡಿಸಿಕೊಳ್ಳಲು 30 ದಿನ ಕೊಡಬೇಕು. ಏಳು ದಿನದಲ್ಲಿ ಬರೆಯದಿದ್ದವನಿಗೆ ಬರೆಯಲು ಮೂವತ್ತು ದಿನ! ಬರೀ ದಂಡದ ತಪ್ಪಾದರೆ ಗರಿಷ್ಠ ದಂಡದ ಅರ್ಧ ಕಟ್ಟಿ ರಾಜಿಯಾಗಬಹುದು, ಅದೇ ತಪ್ಪು ಮೂರು ವರ್ಷದೊಳಗೆ ಮರುಕಳಿಸದಿದ್ದರೆ ಸಾಕು. ತಮಿಳುನಾಡಿನ ಜವಳಿ ಅಂಗಡಿಗಳಲ್ಲಿ ಆಡಿ ತಿಂಗಳ ರಿಯಾಯಿತಿ ವರ್ಷಕ್ಕೊಮ್ಮೆ. ಕಾನೂನಿನದು ಮೂರು ವರ್ಷಕ್ಕೊಮ್ಮೆ. ಬಟ್ಟೆ ವ್ಯಾಪಾರಿಗಳೇ ಹೆಚ್ಚು ಉದಾರಿಗಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎಂದರು ಹಿರಿಯರು. ಅವರು ಕಾರ್ಖಾನೆ ನೋಡಿರಲಿಲ್ಲ. ಇಲ್ಲಿ ಹುಣ್ಣಿಗೆ ಫಾರಂ ಬೇಕು, ಅದೂ ಹುಣ್ಣು ಮಾಡಿದವರ ಕೈಯಿಂದಲೇ ಬರಬೇಕು.

ಹಾಗಾಗಿ ಹನೂರಿನ ತಮ್ಮಂದಿರಿಗೆ ಎರಡು ಮಾತು. ಮಾಲೀಕ ವರದಿ ಕಳಿಸಲಿಲ್ಲವೆಂದು ನಿಮ್ಮ ಹಕ್ಕು ಸಾಯುವುದಿಲ್ಲ. ಅಪಘಾತವಾಗಿ ಎರಡು ವರ್ಷದೊಳಗೆ ಪರಿಹಾರ ಕೇಳಬಹುದು. ತಿರುಪ್ಪೂರಿಗೇ ಅಲೆಯಬೇಕಿಲ್ಲ, ನೀವು ವಾಸವಿರುವ ಊರಿನ ಸಕ್ಷಮ ಅಧಿಕಾರಿಯ ಮುಂದೂ ಅರ್ಜಿ ಹಾಕಬಹುದು. ಗಾಯವಾದ ದಿನ, ಹೊತ್ತು, ಯಂತ್ರ, ಕಂಡವರ ಹೆಸರು ಅಂದೇ ಬರೆದಿಡಿ. ಬಲಗೈ ಪಟ್ಟಿಯಲ್ಲಿದ್ದರೆ ಎಡಗೈಯಲ್ಲಿ ಬರೆಯಿರಿ.