ಆಕ್ಷೇಪಣೆ ರಾಯರು

ಊರೂರು ಕಚೇರಿಗಳ ಲೆಕ್ಕ ಜಾಲಾಡಿ ನಿವೃತ್ತರಾದ ನಮ್ಮ ಬೀದಿಯ ರಾಯರಿಗೆ ಈಗ ತಪಾಸಣೆಗೆ ಉಳಿದಿರುವುದು ನಾವು ಮಾತ್ರ. ಚೌಕಾಬಾರ ಆಡುವಾಗ ಕವಡೆ ಚಾಪೆಯಾಚೆ ಬಿದ್ದರೆ ಆ ಗರ ಸಲ್ಲುತ್ತದೋ ಇಲ್ಲವೋ ಎಂದು ಅವರು ತೆಗೆದ ತಕರಾರಿಗೆ ಹಬ್ಬದ ಪಾಯಸವೇ ಆರಿಹೋಗಿತ್ತು.

ಹೋದ ಭಾನುವಾರ ನನ್ನ ಮಗ ‘ವಿಂಗ್ಸ್ ಆಫ್ ವಾರ್’ ಹರಡಿದ. 2004ರಲ್ಲಿ ಇಟಲಿಯಿಂದ ಬಂದ ಆಟ. ಮೊದಲ ಮಹಾಯುದ್ಧದ ವಿಮಾನಗಳ ಜಟಾಪಟಿ. ದಾಳವಿಲ್ಲ, ಎಲ್ಲವೂ ಕಾರ್ಡು. ಗುಂಡು ತಗುಲಿದವನು ಹಾನಿಯ ಕಾರ್ಡು ಎತ್ತಿಕೊಂಡು, ಪೆಟ್ಟೆಷ್ಟು ಎಂಬುದನ್ನು ತಾನೊಬ್ಬನೇ ನೋಡಿ ಮುಚ್ಚಿಡಬೇಕು.

ರಾಯರು ಆರಿಸಿದ್ದು ಜರ್ಮನ್ ಪೈಲಟ್ ರಿಖ್ಟೋಫೆನ್‌ನ ಕೆಂಪು ಫೋಕರ್. ಆತ 80 ವಿಮಾನ ಕೆಡವಿದ್ದಕ್ಕಲ್ಲ. “1918ರ ಏಪ್ರಿಲ್ 21ಕ್ಕೆ ಸತ್ತ. ಕೊಂದ ಗುಂಡು ಕ್ಯಾಮೆಲ್ ವಿಮಾನದ್ದೋ, ನೆಲದ ಮೇಲಿದ್ದ ಆಸ್ಟ್ರೇಲಿಯದವರದ್ದೋ, ಇವತ್ತಿಗೂ ಇತ್ಯರ್ಥವಾಗಿಲ್ಲ ಸ್ವಾಮಿ. ಫೈಲು ಮುಚ್ಚಿಲ್ಲ!” ಎಂದು ಕೈ ಉಜ್ಜಿಕೊಂಡರು.

ನನ್ನದು ಕ್ಯಾಮೆಲ್. ಎರಡೂ ಮುಖಾಮುಖಿಯಾದವು. ನಾನು ಅಳತೆಪಟ್ಟಿ ಇಟ್ಟು, “ದೂರವಿದೆ, ಒಂದೇ ಕಾರ್ಡು ತಗೊಳ್ಳಿ ರಾಯರೇ” ಎಂದೆ. ಅವರು ಕನ್ನಡಕ ಏರಿಸಿ ಬಗ್ಗಿದರು. “ತಪ್ಪು. ಪಟ್ಟಿಯ ಅರ್ಧದೊಳಗೇ ಇದ್ದೇನೆ. ನಿಯಮದ ಪ್ರಕಾರ ಎರಡು.”

“ನಿಮಗೇ ನಷ್ಟ!”

“ನಷ್ಟ ಬೇರೆ, ನಿಯಮ ಬೇರೆ.”

ಮೊದಲ ಕಾರ್ಡು ಸೊನ್ನೆ. ಕೇಳಿ ಪಡೆದ ಎರಡನೆಯದು ಸ್ಫೋಟ! ವಿಮಾನ ಚೂರುಚೂರು. ಮಕ್ಕಳು ಕೇಕೆ ಹಾಕುತ್ತಿದ್ದಂತೆ ರಾಯರ ತೋರುಬೆರಳು ಮೇಲೆದ್ದಿತು.

“ಆಕ್ಷೇಪಣೆ. ಗುಂಡು ಇಬ್ಬರದೂ ಒಂದೇ ಕ್ಷಣಕ್ಕೆ ಹಾರಿದ್ದು. ನಾನು ಸತ್ತೆ ಅಂತ ನನ್ನ ಗುಂಡು ವಾಪಸ್ ಬರುತ್ತದೆಯೇ? ನೀವೂ ಎರಡು ಎತ್ತಿ.”

ಪುಸ್ತಕ ತೆರೆದು ನೋಡಿದರೆ ಅವರ ಮಾತೇ ಸರಿ. ಎತ್ತಿದೆ. ಒಂದು ಸೊನ್ನೆ; ಇನ್ನೊಂದರಲ್ಲಿ ಗುಂಡು ಹೊಡೆದವನ ಬಂದೂಕೇ ಸಿಕ್ಕಿಕೊಳ್ಳುವ ಗುರುತು.

“ಹಾಗಾದರೆ ಮುಂದಿನ ಮೂರು ನಡೆ ನಾನು ಗುಂಡು ಹಾರಿಸುವಂತಿಲ್ಲ. ಬರೆದುಕೊಳ್ಳಪ್ಪಾ” ಎಂದರು ನನ್ನ ಮಗನಿಗೆ.

“ತಾತ, ನೀವು ಸತ್ತಾಯ್ತು.”

“ಸತ್ತರೂ ದಾಖಲೆ ಸರಿಯಾಗಿರಬೇಕು ಮಗು.”

ಗೆಲ್ಲುವುದಕ್ಕೆ ಜಗಳವಾಡುವವರನ್ನು ಹೇಗೋ ಸಂಭಾಳಿಸಬಹುದು, ಒಂದು ಸಲ ಸೋತುಕೊಟ್ಟರಾಯಿತು. ಸೋಲನ್ನೂ ನಿಯಮ ತೋರಿಸಿ ಕೇಳಿ ಪಡೆಯುವವರಿಗೆ ಏನು ಕೊಡೋಣ? ಕಾಫಿ ಕೊಟ್ಟೆವು. ಅದನ್ನು ಹಿಡಿದು ರಾಯರು ನಿಯಮದ ಪುಸ್ತಕದ ಸಮೇತ ಕುರ್ಚಿಯಲ್ಲಿ ಒರಗಿದರು. ಬದುಕಿದ್ದಾಗ ಅವರು ಹಾರಿಸುತ್ತಿದ್ದದ್ದು ಒಂದೇ ವಿಮಾನ. ಸತ್ತ ಮೇಲೆ, ಮೇಜಿನ ಮೇಲಿದ್ದ ಮೂರನ್ನೂ ಅವರೇ ಹಾರಿಸಿದರು.